ಒಂದು ಕುಡ್ತೆ ಎಂದರೆ ಎಷ್ಟು?

ನಮ್ಮ ಕಡೆಯ ಅಡುಗೆಮನೆಗಳಲ್ಲಿ ಇವತ್ತಿಗೂ ಕೇಳಿಬರುವ ಒಂದು ಮಾತು ‘ಕುಡ್ತೆ’. ಒಂದು ಕುಡ್ತೆ ಹಾಲು, ಅರ್ಧ ಕುಡ್ತೆ ಎಣ್ಣೆ, ಪಾಯಸಕ್ಕೆ ಒಂದು ಕುಡ್ತೆ ಅಕ್ಕಿ. ಬಂಟ್ವಾಳದ ಅಂಗಡಿಯಲ್ಲಿ ಹೇಳಿ, ಬೆಳ್ತಂಗಡಿಯ ನೆಂಟರ ಮನೆಯಲ್ಲಿ ಹೇಳಿ, ಮೂಡುಬಿದಿರೆಯ ಸಂತೆಯಲ್ಲಿ ಹೇಳಿ, ಹಿರಿಯರು ಯಾರೂ ‘ಹಾಗೆಂದರೆ ಎಷ್ಟು?’ ಎಂದು ತಿರುಗಿ ಕೇಳುವುದಿಲ್ಲ. ಅಂದಾಜು ಒಂದು ಲೋಟ ಎಂದು ಎಲ್ಲರಿಗೂ ಗೊತ್ತು. ಘಟ್ಟ ಹತ್ತಿ ಬೆಂಗಳೂರಿಗೆ ಹೋದರೆ ಮಾತ್ರ ಈ ಮಾತು ನಡೆಯುವುದಿಲ್ಲ. ನಾನು ಅಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ರೂಮಿನ ಗೆಳೆಯನಿಗೆ ‘ಸಾರಿಗೆ ಇನ್ನೊಂದು ಕುಡ್ತೆ ನೀರು ಹಾಕು’ ಎಂದಿದ್ದೆ. ಅವನು ಸೌಟು ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತಿದ್ದ.

ಆದರೆ ‘ಕುಡ್ತೆ ಎಂದರೆ ಎಷ್ಟು?’ ಎಂಬ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಬೆಂಗಳೂರಿನವರಲ್ಲ. ಅದು ಕೇಳಿಬಂದದ್ದು ನಮ್ಮ ಶಾಲೆಯ ಆಸುಪಾಸಿನಲ್ಲೇ, 2002ರಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಮಿತಿಯವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಅದೇ ಪ್ರಶ್ನೆ. ನಾನು ಇತಿಹಾಸ ಓದಿದವನಲ್ಲ, ಬಿ.ಇ. ಮಾಡಿ ಕಂಪ್ಯೂಟರ್ ಮುಂದೆ ಕೂತವನು. ಆದರೂ ಈ ಒಂದು ಶಬ್ದದ ಹಿಂದೆ ಸುಮಾರು ವರ್ಷಗಳಿಂದ ಬಿದ್ದಿದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಹಾಲಿನ ವರ್ತನೆ

ನಮ್ಮ ಮನೆಯಲ್ಲಿ ಆಗ ಒಂದು ದನ ಇತ್ತು. ಮನೆಖರ್ಚಿಗೆ ಇಟ್ಟುಕೊಂಡು ಉಳಿದ ಹಾಲನ್ನು ಅಜ್ಜಿ ಎರಡು ಮೂರು ಮನೆಗಳಿಗೆ ವರ್ತನೆಗೆ ಕೊಡುತ್ತಿದ್ದರು. ಅದರಲ್ಲಿ ಒಂದು ಮನೆ ಶಾಲೆಯ ದಾರಿಯಲ್ಲೇ ಇದ್ದುದರಿಂದ ಅಲ್ಲಿಗೆ ಮುಟ್ಟಿಸುವ ಕೆಲಸ ನನ್ನದು. ದಿನಾ ಎರಡು ಕುಡ್ತೆ. ಅಳೆಯಲು ಅಜ್ಜಿಯ ಬಳಿ ಒಂದು ಹಿತ್ತಾಳೆಯ ಪಾತ್ರೆ ಇತ್ತು. ಬಾಯಿ ಸ್ವಲ್ಪ ಜಜ್ಜಿಹೋಗಿತ್ತು. ಅದನ್ನೇ ನಾವು ಕುಡ್ತೆ ಎನ್ನುತ್ತಿದ್ದೆವು. ಅಳತೆಗೂ ಅಳೆಯುವ ಪಾತ್ರೆಗೂ ಒಂದೇ ಹೆಸರು.

ಒಂದು ದಿನ ಆ ಮನೆಯವರು ನನ್ನನ್ನು ನಿಲ್ಲಿಸಿ, ‘ನಿಮ್ಮ ಕುಡ್ತೆ ಸಣ್ಣದು ಮಾರಾಯ, ಎರಡು ಕುಡ್ತೆ ಅಂದ್ರೆ ಅರ್ಧ ಲೀಟರ್ ಆಗ್ಬೇಕು, ಇದು ಆಗುವುದಿಲ್ಲ’ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ನನ್ನ ಜೊತೆಗೆ ತರಗತಿಯ ಇಬ್ಬರು ಇದ್ದರು. ಶಾಲೆಗೆ ಮುಟ್ಟುವ ಹೊತ್ತಿಗೆ ‘ಇವನ ಅಜ್ಜಿಯ ಕುಡ್ತೆ ಸಣ್ಣದು’ ಎನ್ನುವುದು ಒಂದು ತಮಾಷೆಯಾಗಿತ್ತು. ಸಂಜೆ ಮನೆಗೆ ಹೋದವನು ಚೀಲ ಇಡುವ ಮೊದಲೇ ಅಜ್ಜಿಯ ಹತ್ತಿರ, ‘ನಮ್ಮ ಕುಡ್ತೆ ಯಾಕೆ ಸಣ್ಣದು? ನೀವು ಕಡಿಮೆ ಕೊಡುವುದಾ?’ ಎಂದು ಕೇಳಿದೆ. ಅಜ್ಜಿ ಉತ್ತರ ಕೊಡಲಿಲ್ಲ. ಹಟ್ಟಿಯ ಕಡೆಗೆ ಹೋದರು. ಆ ವಾರದಲ್ಲೇ ಆ ಮನೆಯ ವರ್ತನೆ ನಿಂತಿತು.

ಮರುದಿನ ನಾನು ಕುಡ್ತೆಯನ್ನು ಪುಸ್ತಕಗಳ ನಡುವೆ ಅಡಗಿಸಿಕೊಂಡು ಶಾಲೆಗೆ ತಂದು ವಿಜ್ಞಾನದ ಮಾಸ್ತರರಿಗೆ ತೋರಿಸಿದೆ. ಅವರು ನಗಲಿಲ್ಲ. ಪ್ರಯೋಗಾಲಯದ ಕಪಾಟಿನಿಂದ ಅಳತೆಯ ಗಾಜಿನ ಜಾಡಿ ತೆಗೆದು, ಕುಡ್ತೆ ತುಂಬ ನೀರು ಹಿಡಿದು ಅದಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ತಂದು ನನ್ನ ಕೈಯಲ್ಲೇ ಓದಿಸಿದರು. 225 ಮಿಲಿಲೀಟರ್. ಎರಡು ಕುಡ್ತೆಗೆ 450. ಅರ್ಧ ಲೀಟರಿಗೆ 50 ಕಡಿಮೆ. ಆ ಮನೆಯವರು ಹೇಳಿದ್ದು ನಿಜವಾಗಿತ್ತು.

ಮಾಸ್ತರರು ಅಷ್ಟಕ್ಕೆ ಬಿಡಲಿಲ್ಲ. ಮರುದಿನ ತರಗತಿಯಲ್ಲಿ, ‘ಯಾರ ಮನೆಯಲ್ಲಿ ಕುಡ್ತೆ ಇದೆಯೋ ಎಲ್ಲರೂ ತನ್ನಿ’ ಎಂದರು. ನಮ್ಮ ಶಾಲೆಗೆ ಮೂರು ಕಡೆಯ ಮಕ್ಕಳು ಬರುತ್ತಿದ್ದರಷ್ಟೆ. ಬಂಟ್ವಾಳದ ಕಡೆಯವರು, ಬೆಳ್ತಂಗಡಿಯ ಕಡೆಯವರು, ಆಗ ಇನ್ನೂ ಪ್ರತ್ಯೇಕ ತಾಲೂಕಾಗಿರದ ಮೂಡುಬಿದಿರೆಯ ಕಡೆಯವರು. ಒಂಬತ್ತು ಕುಡ್ತೆಗಳು ಬಂದವು. ಹಿತ್ತಾಳೆಯದ್ದು, ಅಲ್ಯೂಮಿನಿಯಮ್ಮಿನದ್ದು, ಸ್ಟೀಲಿನದ್ದು, ಹಿಡಿ ಹಾಕಿದ ತೆಂಗಿನ ಗೆರಟೆಯದ್ದು ಒಂದು. ಎಲ್ಲವನ್ನೂ ಅಳೆದು ಕರಿಹಲಗೆಯ ಮೇಲೆ ಬರೆದೆವು. ಅತಿ ಸಣ್ಣದು 180, ಅತಿ ದೊಡ್ಡದು 260. ಒಂದರಂತೆ ಇನ್ನೊಂದಿಲ್ಲ. ನಮ್ಮದು ನಡುವಿನದ್ದು.

‘ಈಗ ಹೇಳಿ, ಯಾವುದು ಸರಿಯಾದ ಕುಡ್ತೆ?’ ಎಂದು ಮಾಸ್ತರರು ಕೇಳಿದರು. ಯಾರೂ ಉತ್ತರಿಸಲಿಲ್ಲ.

ಕೈಯಿಂದ ಬಂದ ಅಳತೆ

ಉತ್ತರ ನನಗೆ ಸಿಕ್ಕಿದ್ದು ತುಂಬಾ ವರ್ಷಗಳ ನಂತರ, ನಿಘಂಟುಗಳಲ್ಲಿ. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಭಾಗ್ಯವಂತರು. ಫರ್ಡಿನಾಂಡ್ ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಅದಕ್ಕೂ ಮೊದಲು, 1886ರಲ್ಲಿ, ಮ್ಯಾನರ್ ಅವರ ತುಳು ನಿಘಂಟು ಅಲ್ಲಿಯೇ ಬಂದಿತ್ತು. ನಮ್ಮ ಕಾಲದಲ್ಲಿ ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳ ತುಳು ನಿಘಂಟು ಬಂತು. ಹಳ್ಳಿಯ ಒಂದು ಸಣ್ಣ ಮಾತಿನ ಜಾಡು ಹಿಡಿಯಲು ಇಷ್ಟು ಸೌಕರ್ಯ ಇರುವ ಊರುಗಳು ಕಡಿಮೆ.

ಹಳೆಯ ಕನ್ನಡದಲ್ಲಿ ‘ಕುಡಿತೆ’ ಅಥವಾ ‘ಕುಡುತೆ’ ಎಂದರೆ ನೀರು ಹಿಡಿಯಲು ಕುಳಿ ಮಾಡಿದ ಅಂಗೈ, ಬೊಗಸೆ. ಹಳೆಯ ಕವಿಗಳು ದೊಡ್ಡ ಕಣ್ಣುಗಳನ್ನು ವರ್ಣಿಸುವಾಗ ‘ಕುಡುತೆಗಣ್ಣು’ ಎನ್ನುತ್ತಾರೆ, ಬೊಗಸೆಯಷ್ಟು ಅಗಲದ ಕಣ್ಣು ಎಂದು. ನಾವು ಇವತ್ತು ‘ಬೊಗಸೆಗಣ್ಣು’ ಎನ್ನುವ ಹಾಗೆ. ಆ ಮಾತಿಗೂ ‘ಕುಡಿ’ ಎಂಬ ಕ್ರಿಯೆಗೂ ಇರುವ ನಂಟು ಕೇಳಿದ ಕೂಡಲೇ ಕಿವಿಗೆ ಬೀಳುತ್ತದೆ. ತೋಡಿನ ಬದಿಯಲ್ಲಿ ಬಗ್ಗಿ ಕೈಯನ್ನು ಕುಳಿ ಮಾಡಿ ನೀರು ಎತ್ತಿ ಕುಡಿದರೆ ಎಷ್ಟು ಬರುತ್ತದೋ ಅದು ಕುಡುತೆ. ಕಾವ್ಯದ ಆ ಮಾತು ಪುಸ್ತಕಗಳಿಂದ ಮರೆಯಾಗಿ, ನಮ್ಮ ಊರಿನಲ್ಲಿ ಹಾಲಿನ ಪಾತ್ರೆಯ ಹೆಸರಾಗಿ ಉಳಿದುಕೊಂಡಿದೆ.

ಹಾಗಾದರೆ ನಮ್ಮ ಒಂಬತ್ತು ಕುಡ್ತೆಗಳು ಒಂದರಂತೆ ಒಂದಿರದೆ ಇದ್ದದ್ದರಲ್ಲಿ ಆಶ್ಚರ್ಯವೇನು? ಅದು ಮೂಲದಲ್ಲಿ ಒಬ್ಬ ಮನುಷ್ಯನ ಕೈ. ಕೈಗಳು ಒಂದೇ ಅಳತೆಯವಲ್ಲ.

ಸ್ವಲ್ಪಕ್ಕೆ ನಮ್ಮಲ್ಲಿರುವ ಮಾತುಗಳನ್ನು ಸಾಲಾಗಿ ಇಟ್ಟು ನೋಡಿದರೆ ಹೆಚ್ಚಿನವು ಹೀಗೆ ಮೈಯಿಂದಲೇ ಬಂದವು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ನಿಲ್ಲುವಷ್ಟು ಚಿಟಿಕೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಹಿಡಿ. ಬಾಯಿಗೆ ಹೋಗುವಷ್ಟು ತುತ್ತು, ಗಂಟಲಲ್ಲಿ ಇಳಿಯುವಷ್ಟು ಗುಟುಕು. ಎರಡನೆಯ ಗುಂಪು ಕಾಳುಗಳದ್ದು. ಎಳ್ಳಷ್ಟು, ಸಾಸಿವೆಯಷ್ಟು, ರವಷ್ಟು. ಚಿನ್ನ ತೂಗುವವರು ಗುಲಗಂಜಿಯನ್ನೇ ತೂಕದ ಕಲ್ಲಾಗಿ ಬಳಸುತ್ತಿದ್ದರು. ಒಂದು ಗುಲಗಂಜಿ ಒಂದು ಗ್ರಾಮಿನ ಸುಮಾರು ಎಂಟನೆಯ ಒಂದು ಪಾಲು ತೂಗುತ್ತದೆ. ಚಿನ್ನದಂಗಡಿಯಲ್ಲಿ ವಜ್ರದ ತೂಕಕ್ಕೆ ಹೇಳುವ ‘ಕ್ಯಾರೆಟ್’ ಎಂಬ ಮಾತೂ ಗ್ರೀಕರ ನಾಡಿನ ಒಂದು ಮರದ ಬೀಜದಿಂದ ಬಂದದ್ದೇ.

ಮೂರನೆಯ ಗುಂಪು ಕೈಬಿಟ್ಟುಹೋದ ನಾಣ್ಯಗಳದ್ದು. ನಮ್ಮ ಜಿಲ್ಲೆ 1956ರ ನವೆಂಬರ್ 1ರ ವರೆಗೆ ಮದರಾಸಿಗೆ ಸೇರಿತ್ತು. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 4 ಮುಕ್ಕಾಲು. ಯುದ್ಧದ ಕಾಲದಲ್ಲಿ ಲೋಹ ಉಳಿಸಲು 1943ರಿಂದ 1947ರ ತನಕ ನಡುವೆ ದೊಡ್ಡ ತೂತಿರುವ ಮುಕ್ಕಾಲನ್ನು ಅಚ್ಚು ಹಾಕಿದರು. ಅಜ್ಜಿ ಅದನ್ನು ‘ಒಟ್ಟೆ ಮುಕ್ಕಾಲು’ ಎನ್ನುತ್ತಿದ್ದರು. ಕೆಲಸಕ್ಕೆ ಬಾರದವನನ್ನು ಬಯ್ಯಲಿಕ್ಕೂ ಅದೇ ಮಾತು. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯೇ ಪೈಸೆ ಬಂತು. 1964ರಲ್ಲಿ ‘ನಯಾ’ ಎಂಬುದನ್ನು ಸರಕಾರ ಕೈಬಿಟ್ಟಿತು. 2011ರಲ್ಲಿ ನಾಲ್ಕಾಣೆಯವರೆಗಿನ ಎಲ್ಲ ಬಿಲ್ಲೆಗಳೂ ಚಲಾವಣೆಯಿಂದ ಹೋದವು. ಆದರೆ ‘ಒಂದು ನಯಾಪೈಸೆ ಕೊಡುವುದಿಲ್ಲ’ ಎಂಬ ಮಾತು ಮಾತ್ರ ಹೋಗಲಿಲ್ಲ. ಅಂಗಡಿಯಲ್ಲಿ ಬೆಲೆ ಕಳೆದುಕೊಂಡ ನಾಣ್ಯ ಜಗಳದಲ್ಲಿ ಇನ್ನೂ ಚಲಾವಣೆಯಲ್ಲಿದೆ.

ಒಂತೆ, ರಜ್ಜ, ಇಲ್ಲೆಂ

ಪಾತ್ರೆಯಿಲ್ಲದ ಅಳತೆಯೂ ಉಂಟು. ನಮ್ಮ ತರಗತಿಯಲ್ಲಿ ಮನೆಮಾತು ನಾಲ್ಕೈದು ಇದ್ದವು. ತುಳುವಿನವರಿಗೆ ಸ್ವಲ್ಪ ಎಂದರೆ ‘ಒಂತೆ’. ಹವ್ಯಕರ ಮನೆಯಲ್ಲಿ ‘ರಜ್ಜ’. ಕ್ರೈಸ್ತ ಗೆಳೆಯರ ಕೊಂಕಣಿಯಲ್ಲಿ ‘ಇಲ್ಲೆಂ’. ಒಮ್ಮೆ ಗೆಳೆಯನ ಮನೆಯಲ್ಲಿ ಅವನ ತಾಯಿ ಪಾಯಸದ ಪಾತ್ರೆ ಹಿಡಿದು ‘ಇಲ್ಲೆಂ?’ ಎಂದು ಕೇಳಿದಾಗ ನಾನು ‘ಇಲ್ಲ’ ಎಂದು ತಿಳಿದು, ಪಾಯಸ ಮುಗಿದಿದೆ ಎಂದುಕೊಂಡು ಸುಮ್ಮನೆ ಕೂತಿದ್ದೆ. ಶಾಲೆಯ ಕನ್ನಡದಲ್ಲಿ ಎಲ್ಲರೂ ಸೇರುತ್ತಿದ್ದ ಮಾತು ‘ಒಂಚೂರು’.

‘ಒಂಚೂರು’ ಎನ್ನುವುದು ‘ಒಂದು ಚೂರು’. ಚೂರು ಎಂದರೆ ಒಡೆದ ತುಂಡು. ‘ರಜ್ಜ’ ಕೇಳಿದಾಗಲೆಲ್ಲ ನನಗೆ ಸಂಸ್ಕೃತದ ‘ರಜಸ್’, ಎಂದರೆ ಧೂಳಿನ ಕಣ, ನೆನಪಾಗುತ್ತದೆ. ‘ಒಂತೆ’ಯಲ್ಲಿ ತುಳುವಿನ ‘ಒಂಜಿ’ಯ, ಕನ್ನಡದ ‘ಒಂದು’ವಿನ ಸದ್ದು ಕೇಳಿದಂತಾಗುತ್ತದೆ. ಇದು ನನ್ನ ಕಿವಿಯ ಮಾತು, ಪಂಡಿತರ ತೀರ್ಮಾನವಲ್ಲ. ಆದರೆ ‘ಒಂತೆ’ಯ ಬಳಕೆ ಮಾತ್ರ ಗಮನಿಸಬೇಕಾದದ್ದು. ಅದು ನೀರಿಗೂ ಆಗುತ್ತದೆ, ಹೊತ್ತಿಗೂ ಆಗುತ್ತದೆ, ಓದಿಗೂ ಆಗುತ್ತದೆ. ‘ಒಂತೆ ನೀರ್ ಕೊರ್ಲೆ’, ‘ಒಂತೆ ಉಂತುಲೆ’. ಹೊರಗಿನಿಂದ ಬಂದ ಅಧ್ಯಾಪಕರನ್ನು ‘ತುಳು ಬರ್ಪುಂಡಾ?’ ಎಂದು ಕೇಳಿದರೆ ಅವರು ಮೊದಲು ಕಲಿತು ಹೇಳುವ ಉತ್ತರವೂ ‘ಒಂತೆ ಒಂತೆ’.

ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ ಮಾತು ‘ಬಿಟ್’. ಅದರ ಮೂಲ ಅರ್ಥ ಒಂದು ಸಲ ಕಚ್ಚಿದಷ್ಟು, ನಮ್ಮ ತುತ್ತಿನ ಹಾಗೆ. ನನ್ನ ಉದ್ಯೋಗ ನಿಂತಿರುವುದೇ ಆ ಮಾತಿನ ಮೇಲೆ. 1948ರಲ್ಲಿ ಕ್ಲಾಡ್ ಶಾನನ್ ಎಂಬ ಅಮೆರಿಕದ ಗಣಿತಜ್ಞರು ಮಾಹಿತಿಯನ್ನು ಅಳೆಯುವ ಬಗೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಹೌದು-ಅಲ್ಲ ಎಂಬಷ್ಟು ಚಿಕ್ಕ ಮಾಹಿತಿಗೆ ‘ಬಿಟ್’ ಎಂದು ಕರೆದರು. ಎರಡರ ಲೆಕ್ಕದ ಅಂಕೆ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಕೂಡಿಸಿ ಆ ಹೆಸರನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ಅವರೇ ಅಲ್ಲಿ ಹೇಳಿದ್ದಾರೆ. 1956ರಲ್ಲಿ ವರ್ನರ್ ಬುಕ್‌ಹೋಲ್ಜ್ ಎಂಬವರು ಬಿಟ್‌ಗಳ ಗುಂಪಿಗೆ ‘ಬೈಟ್’ ಎಂದರು. ಅದೂ ಕಚ್ಚುವುದೇ. ಬಿಟ್ ಎಂದು ತಪ್ಪಿ ಬರೆಯಬಾರದೆಂದು ಕಾಗುಣಿತ ಸ್ವಲ್ಪ ಬದಲಿಸಿದರು. ಮೊಬೈಲಿನ ಡಾಟಾ ಪ್ಯಾಕಿನಲ್ಲಿ ನಾವು ಜಿ.ಬಿ. ಜಿ.ಬಿ. ಎಂದು ಹೇಳುವುದೆಲ್ಲ ಕೊನೆಗೆ ತುತ್ತಿನ ಲೆಕ್ಕವೇ ಆಯಿತು.

ಒಂದು ವ್ಯತ್ಯಾಸ ಇದೆ. ಕಂಪ್ಯೂಟರಿನ ಬಿಟ್ ಎಲ್ಲ ಊರಿನಲ್ಲೂ ಒಂದೇ. ಅಜ್ಜಿಯ ಒಂತೆ ಹಾಗಲ್ಲ. ಅದು ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂಬುದರ ಮೇಲೆ ದೊಡ್ಡದೂ ಆಗುತ್ತದೆ, ಸಣ್ಣದೂ ಆಗುತ್ತದೆ. ಇದನ್ನು ನನಗೆ ತಿಳಿಸಿದ್ದು ನಮ್ಮ ಜಿಲ್ಲೆಯ ಗೇಣಿಯ ಕಥೆ.

ಕಳಸೆಯ ಮೇಲಿನ ರಾಶಿ

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪೆನಿ ಸರಕಾರದ ಅಪ್ಪಣೆಯ ಮೇರೆಗೆ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ದಾರಿಯಾಗಿ ಕಾರ್ಕಳದ ಕಡೆಗೆ ಹೋದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಟಿಪ್ಪುವಿನ ಪತನದ ನಂತರ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಯಾರಿಗೆ ಎಷ್ಟು ಕೊಡುತ್ತಾರೆ ಎಂದು ತಿಳಿಯುವುದು ಅವನ ಕೆಲಸ. ಹಾಗಾಗಿ ಹೋದಲ್ಲೆಲ್ಲ ಭತ್ತ ಅಕ್ಕಿಗಳ ಅಳತೆಯನ್ನು ವಿಚಾರಿಸಿ ಬರೆದುಕೊಂಡ. ಆಳುವವರಿಗೆ ಮೊದಲು ಬೇಕಾಗುವುದು ಅಳತೆ.

ನಮ್ಮ ಸೀಮೆಯ ಲೆಕ್ಕ ಹಿರಿಯರಿಗೆ ಬಾಯಿಪಾಠ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಎಂದರೆ 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಹಗ್ಗದಿಂದ ಬಿಗಿದರೆ ಒಂದು ಮುಡಿ. ಸೇರಿನ ಕಾಲು ಭಾಗ ಪಾವು. ಅದು ಸಂಸ್ಕೃತದ ‘ಪಾದ’ದಿಂದ, ಎಂದರೆ ನಾಲ್ಕನೆಯ ಒಂದು ಎಂಬುದರಿಂದ ಬಂದದ್ದು. ಗದ್ದೆಯ ಗೇಣಿ ಈ ಮುಡಿಗಳಲ್ಲಿ ನಿಗದಿಯಾಗುತ್ತಿತ್ತು. ಮೂಲಗೇಣಿಯವರಿಗೆ ಶಾಶ್ವತ ಹಕ್ಕು. ಚಾಲಗೇಣಿಯವರನ್ನು ಧಣಿಗಳು ಬೇಡವೆಂದಾಗ ಬಿಡಿಸಬಹುದು. ನಮ್ಮ ಮನೆಯವರು ಚಾಲಗೇಣಿಯವರು.

ಇಲ್ಲಿಗೆ ಬಂದರೆ ಕುಡ್ತೆಯ ಪ್ರಶ್ನೆ ತಮಾಷೆಯಾಗಿ ಉಳಿಯುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ 14 ಸೇರು ಎಂದರೆ 14 ಸೇರು. ಆದರೆ ಸೇರನ್ನು ಬಾಯಿಯ ಮಟ್ಟಕ್ಕೆ ಗೀರಿ ಅಳೆಯಬಹುದು, ರಾಶಿ ಏರಿಸಿಯೂ ಅಳೆಯಬಹುದು. ರಾಶಿ ಏರಿಸಿದರೆ ಸೇರಿಗೆ ಒಂದು ಹಿಡಿ ಹೆಚ್ಚು. 42 ಸಲ ಅಳೆಯುವಾಗ 42 ಹಿಡಿ. ಹತ್ತು ಮುಡಿ ಗೇಣಿ ಕೊಡುವ ಮನೆಯವರಿಗೆ ಅದು 420 ಹಿಡಿ. ಮಳೆಗಾಲದಲ್ಲಿ ಆ ಅಕ್ಕಿ ಎಷ್ಟು ದಿನದ ಗಂಜಿ ಎಂದು ನೀವೇ ಲೆಕ್ಕ ಹಾಕಿ.

ಕುಡ್ತೆಯ ಜಗಳ ನಡೆದು ಎರಡು ವಾರದ ಮೇಲೆ ಅಜ್ಜಿ ತಾನಾಗಿಯೇ ಇದನ್ನು ಹೇಳಿದರು. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಮಾವನ ಜೊತೆ ಗೇಣಿ ಹೊತ್ತುಕೊಂಡು ಹೋಗಿದ್ದರಂತೆ. ಅಂಗಳದಲ್ಲಿ ಅಳೆಯುವಾತ ಪ್ರತಿ ಸೇರಿನ ಮೇಲೂ ರಾಶಿ ಏರಿಸುತ್ತಿದ್ದ. ಮಾವ ಒಂದು ಮಾತೂ ಆಡಲಿಲ್ಲ. ನೆಲಕ್ಕೆ ಉದುರಿದ ಅಕ್ಕಿಯನ್ನು ಅಜ್ಜಿ ಸೆರಗಿಗೆ ಗುಡಿಸಿಕೊಳ್ಳಲು ಬಗ್ಗಿದಾಗ, ‘ಅದು ಇಲ್ಲಿಯದ್ದು, ಬಿಡು’ ಎಂದನಂತೆ. ಎಲ್ಲ ಧಣಿಗಳೂ ಹಾಗಿರಲಿಲ್ಲ, ತಗ್ಗಿಸಿ ಅಳೆಯಿಸಿದವರೂ ಇದ್ದರು, ಕೆಟ್ಟ ವರ್ಷದಲ್ಲಿ ಬಿಟ್ಟುಕೊಟ್ಟವರೂ ಇದ್ದರು ಎಂದು ಅಜ್ಜಿಯೇ ಹೇಳುತ್ತಿದ್ದರು. ಆದರೆ ಆ ದಿನವನ್ನು ಅವರು ಮರೆತಿರಲಿಲ್ಲ. ‘ಅಳೆಯುವವರ ಕೈಯಲ್ಲಿ ಯಾವಾಗಲೂ ಒಂದು ಒಂತೆ ಇರುತ್ತದೆ. ಅದನ್ನು ಯಾರ ಕಡೆಗೆ ಹಾಕುತ್ತಾರೆ ಅಂತ ನೋಡಬೇಕು’ ಎಂದರು.

ಅಳತೆಯ ಪಾತ್ರೆಗಳನ್ನು ಸರಿಪಡಿಸಲು ಸರಕಾರ 1956ರಲ್ಲಿ ಕಾನೂನು ಮಾಡಿತು. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋ, ಲೀಟರ್ ಬಂದವು. ಗೇಣಿಯನ್ನೇ ನಿಲ್ಲಿಸಿದ್ದು ದೇವರಾಜ ಅರಸರ ಕಾಲದ ತಿದ್ದುಪಡಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದದ್ದು. ನಮ್ಮ ಮನೆಯಲ್ಲಿ ಅದನ್ನು ‘ಡಿಕ್ಲರೇಶನ್ ಕೊಟ್ಟ ವರ್ಷ’ ಎಂದೇ ಹೇಳುವುದು. ನಮ್ಮ ಶಾಲೆಯ ವಯಸ್ಸೂ ಆ ಕಾನೂನಿನ ವಯಸ್ಸೂ ಹೆಚ್ಚುಕಡಿಮೆ ಒಂದೇ. ಅಂಗಳದಲ್ಲಿ ರಾಶಿ ಏರಿಸಿ ಅಳೆದದ್ದನ್ನು ಬಾಯಿ ಮುಚ್ಚಿ ನೋಡಿದವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯ ಬೆಂಚುಗಳಲ್ಲಿ ಕೂತು, ಗಾಜಿನ ಜಾಡಿಯ ಗೆರೆ ಓದಲು ಕಲಿತರು. ಎರಡಕ್ಕೂ ಸಂಬಂಧ ಇದೆ ಎಂದು ನನಗೆ ಈಗ ಅನ್ನಿಸುತ್ತದೆ. ಬರೆದ ಅಳತೆಯನ್ನು ಓದಬಲ್ಲವನಿಗೆ ಮೋಸ ಮಾಡುವುದು ಕಷ್ಟ.

ಕೊಸರು

ಹಾಲಿನ ಕಥೆ ಇನ್ನೂ ಮುಗಿದಿಲ್ಲ. ಕರಿಹಲಗೆಯ ಮೇಲೆ ಒಂಬತ್ತು ಅಂಕೆ ಬರೆದ ದಿನ ಮಾಸ್ತರರು ನನ್ನನ್ನು ಕರೆದು, ‘ನೀನು ಪಾತ್ರೆ ಅಳೆದೆ. ಅಜ್ಜಿ ಕೊಡುವ ಹಾಲನ್ನು ಅಳೆದಿದ್ದೀಯಾ?’ ಎಂದು ಕೇಳಿದರು. ಇಲ್ಲ ಎಂದೆ. ‘ಹಾಗಾದರೆ ಅದನ್ನೂ ಅಳೆ’ ಎಂದು ಜಾಡಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಶಾಲೆಯ ವಸ್ತುವನ್ನು ಹಾಗೆ ಮನೆಗೆ ಕೊಟ್ಟದ್ದು ನನಗೆ ದೊಡ್ಡ ವಿಷಯವಾಗಿ ಕಂಡಿತ್ತು.

ಮರುದಿನ ಬೆಳಿಗ್ಗೆ ಇನ್ನೊಂದು ಮನೆಗೆ ಅಜ್ಜಿ ಎಂದಿನಂತೆ ಅಳೆದು ಹೊಯ್ದ ಹಾಲನ್ನು ತಂದು, ಹಿತ್ತಿಲ ಬದಿಯಲ್ಲಿ ಯಾರಿಗೂ ಕಾಣದ ಹಾಗೆ ಜಾಡಿಗೆ ಸುರಿದೆ. ಒಂದೇ ಸಲ ಹಿಡಿಸದೆ ಎರಡು ಸಲ ಅಳೆಯಬೇಕಾಯಿತು. ಅದೂ ಎರಡು ಕುಡ್ತೆಯ ವರ್ತನೆ. ಲೆಕ್ಕದ ಪ್ರಕಾರ 450 ಇರಬೇಕಿತ್ತು. ಇದ್ದದ್ದು 490. ಎರಡು ಕುಡ್ತೆ ಅಳೆದ ಮೇಲೆ ಅಜ್ಜಿ ಯಾವಾಗಲೂ ಇನ್ನೊಂದಿಷ್ಟು ಹೊಯ್ಯುತ್ತಿದ್ದರು. ನಾನು ದಿನಾ ನೋಡಿದ್ದೆ, ಆದರೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಅಳತೆಯಲ್ಲಿ ಬರದ ಹಾಲು.

ಕನ್ನಡದಲ್ಲಿ ಇದಕ್ಕೆ ‘ಕೊಸರು’ ಎಂಬ ಹೆಸರಿದೆ. ಅಳೆದ ಮೇಲೆ, ದುಡ್ಡಿನ ಲೆಕ್ಕ ಮುಗಿದ ಮೇಲೆ, ಕೊಳ್ಳುವವರಿಗೆ ಸುಮ್ಮನೆ ಹಾಕುವ ಒಂಚೂರು. ಮೀನಿನವರು ಒಂದು ಬಂಗುಡೆ ಹೆಚ್ಚು ಹಾಕುತ್ತಾರೆ, ತರಕಾರಿಯವರು ಕೊತ್ತಂಬರಿಯ ಎರಡು ಕಡ್ಡಿ ಇಡುತ್ತಾರೆ. ಇಂಗ್ಲೆಂಡಿನಲ್ಲಿಯೂ ರೊಟ್ಟಿಯಂಗಡಿಯವರ ಡಜನ್ ಎಂದರೆ ಹದಿಮೂರು. ಮನುಷ್ಯರು ಎಲ್ಲಿದ್ದರೂ ಅಳತೆಯ ತಪ್ಪು ತಮ್ಮ ಕಡೆಗೆ ಬೀಳಬಾರದೆಂದು ಹೆದರುವವರು ಇದ್ದೇ ಇರುತ್ತಾರೆ.

ಗೇಣಿಯ ರಾಶಿಯೂ ಕೊಸರಿನ ಹಾಲೂ ಗಾತ್ರದಲ್ಲಿ ಒಂದೇ, ಒಂದು ಹಿಡಿ, ಒಂದು ಹನಿ. ಒಂದು ಕಿತ್ತುಕೊಂಡದ್ದು, ಇನ್ನೊಂದು ಕೊಟ್ಟದ್ದು.

ಆದರೂ 490 ಎಂದರೆ 500 ಅಲ್ಲ. ಇದನ್ನೂ ಹೇಳಬೇಕು. ಅಜ್ಜಿ ಮೋಸ ಮಾಡಲಿಲ್ಲ, ಕೊಂಡವರೂ ಸುಳ್ಳು ಹೇಳಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಲೀಟರ್, ಅಜ್ಜಿಯ ಮನಸ್ಸಿನಲ್ಲಿದ್ದದ್ದು ಕೈ. ಇಬ್ಬರೂ ‘ಕುಡ್ತೆ’ ಎಂಬ ಒಂದೇ ಮಾತು ಆಡುತ್ತಿದ್ದರು, ಅಷ್ಟೆ. ನನ್ನ ಉದ್ಯೋಗದಲ್ಲಿ ಇಂಥದ್ದನ್ನು ದಿನಾ ನೋಡುತ್ತೇನೆ. ಎರಡು ತಂಡಗಳು ಒಂದೇ ಹೆಸರಿಗೆ ಎರಡು ಅರ್ಥ ಇಟ್ಟುಕೊಂಡು ಕೆಲಸ ಮಾಡಿರುತ್ತವೆ. ತಪ್ಪು ಯಾರದ್ದೂ ಅಲ್ಲ, ಆದರೆ ಲೆಕ್ಕ ಕೂಡುವುದಿಲ್ಲ.

ಅಂಕೆಯನ್ನು ಅಜ್ಜಿಗೆ ಹೇಳಿದೆ. ಅವರು ಪೇಟೆಯಿಂದ ಅರ್ಧ ಲೀಟರಿನ ಸ್ಟೀಲಿನ ಅಳತೆ ತರಿಸಿದರು. ಅದರಲ್ಲಿ ಅಳೆದ ಮೇಲೂ ಮೊದಲಿನ ಹಾಗೆಯೇ ಒಂತೆ ಹೊಯ್ಯುತ್ತಿದ್ದರು. ‘ಈಗ ಸರಿ ಇದೆಯಲ್ಲ ಅಜ್ಜಿ, ಇನ್ನು ಯಾಕೆ?’ ಎಂದು ಕೇಳಿದ್ದಕ್ಕೆ, ‘ಅದು ಅಂಗಡಿಯವನ ಅಳತೆ, ಇದು ನನ್ನದು’ ಎಂದರು. ವರ್ತನೆ ನಿಲ್ಲಿಸಿದ ಮನೆಯವರು ಮರುವರ್ಷ ಮನೆ ಬದಲಾಯಿಸಿ ಹೋದರು. ಅವರಿಗೆ ಇದನ್ನೆಲ್ಲ ಹೇಳುವ ಸಂದರ್ಭ ಬರಲಿಲ್ಲ. ಅಜ್ಜಿಯ ಹತ್ತಿರ ‘ನೀವು ಕಡಿಮೆ ಕೊಡುವುದಾ’ ಎಂದು ಕೇಳಿದ್ದಕ್ಕೆ ತಪ್ಪಾಯಿತು ಎಂದು ನಾನು ಬಾಯಿಬಿಟ್ಟು ಹೇಳಲೂ ಇಲ್ಲ. ಅವರು ತೀರಿಕೊಂಡದ್ದು ನಾನು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮರುವರ್ಷ. ಬಾಯಿ ಜಜ್ಜಿದ ಆ ಹಿತ್ತಾಳೆಯ ಕುಡ್ತೆ ಈಗ ಬೆಂಗಳೂರಿನ ನನ್ನ ಅಡುಗೆಮನೆಯಲ್ಲಿದೆ. ಅಕ್ಕಿ ಅಳೆಯಲು ಅದನ್ನೇ ಬಳಸುತ್ತೇವೆ.

ಕಿಲೋಗ್ರಾಮಿನ ಒಂತೆ

ಮಾಸ್ತರರ ಪ್ರಶ್ನೆಗೆ, ಯಾವುದು ಸರಿಯಾದ ಕುಡ್ತೆ ಎಂಬುದಕ್ಕೆ, ಇನ್ನೊಂದು ಕಡೆಯಿಂದಲೂ ಉತ್ತರ ಸಿಕ್ಕಿತು. ಅಂಗಡಿಯ ಕಿಲೋ ಕಲ್ಲು ಸರಿಯೋ ಎಂದು ನೋಡಲು ಇಲಾಖೆಯವರ ಕಲ್ಲು ಬೇಕು. ಅವರ ಕಲ್ಲಿಗೆ ದೇಶದ ಕಲ್ಲು. ದೇಶದ ಕಲ್ಲಿಗೆ ಪ್ಯಾರಿಸಿನ ಹತ್ತಿರ ಸೆವ್ರ್ ಎಂಬಲ್ಲಿ ಗಾಜಿನ ಗಂಟೆಗಳ ಕೆಳಗೆ ಇಟ್ಟಿದ್ದ ಪ್ಲಾಟಿನಮ್-ಇರಿಡಿಯಮ್ ಲೋಹದ ಒಂದು ಸಣ್ಣ ಉರುಳೆ. 1889ರಿಂದ ಜಗತ್ತಿನ ಕಿಲೋಗ್ರಾಮ್ ಎಂದರೆ ಅದೇ. ಅದನ್ನೂ ಅದರ ಪ್ರತಿಗಳನ್ನೂ ನೂರು ವರ್ಷಗಳಲ್ಲಿ ತೂಗಿ ನೋಡಿದಾಗ ಅವುಗಳ ನಡುವೆ ಸುಮಾರು 50 ಮೈಕ್ರೋಗ್ರಾಮ್ ವ್ಯತ್ಯಾಸ ಕಂಡಿತು. ಎಳ್ಳಿನ ಕಾಳಿಗಿಂತಲೂ ಎಷ್ಟೋ ಕಡಿಮೆ. ಆದರೂ ಯಾವುದು ಬದಲಾಯಿತು, ಮೂಲವೋ ಪ್ರತಿಗಳೋ ಎಂದು ಹೇಳುವಂತಿರಲಿಲ್ಲ. ಯಾಕೆಂದರೆ ಮೂಲವೇ ಅಳತೆ. ಕೊನೆಗೆ 2019ರ ಮೇ 20ರಿಂದ ಆ ಉರುಳೆಯನ್ನು ಬಿಟ್ಟು, ಎಲ್ಲಿಯೂ ಬದಲಾಗದ ಪ್ಲಾಂಕ್ ಸ್ಥಿರಾಂಕದ ಮೇಲೆ ಕಿಲೋಗ್ರಾಮನ್ನು ನಿಲ್ಲಿಸಿದರು. ಪ್ಯಾರಿಸಿನ ಪಂಡಿತರಿಗೂ ನಮ್ಮ ಎಂಟನೆಯ ತರಗತಿಗೂ ಬಂದ ತೊಂದರೆ ಒಂದೇ ಎಂದು ಆ ಸುದ್ದಿ ಓದಿದ ದಿನ ನನಗೆ ಅನ್ನಿಸಿತ್ತು.

ಒಂದು ಸಲಹೆ

ಈಗ ಅಡುಗೆಮನೆಗಳಲ್ಲಿ ಕುಡ್ತೆ ಕಡಿಮೆಯಾಗಿದೆ. ಹಾಲು ಪ್ಯಾಕೆಟಿನಲ್ಲಿ ಬರುತ್ತದೆ, ಎಣ್ಣೆಯೂ ಹಾಗೆಯೇ. ಮಕ್ಕಳು ಯೂಟ್ಯೂಬ್ ನೋಡಿ ‘ಕಪ್’ ಎನ್ನುತ್ತಾರೆ. ಅದರಲ್ಲಿ ದುಃಖಪಡುವಂಥದ್ದು ಏನೂ ಇಲ್ಲ. ಸರಿಯಾದ ಅಳತೆ ಬಂದದ್ದರಿಂದ ಬಡವರಿಗೆ ಒಳ್ಳೆಯದೇ ಆಗಿದೆ. ಆದರೆ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ ಸೇರು, ಪಾವು, ಕಳಸೆ, ಕುಡ್ತೆಗಳು ಇನ್ನೂ ಇವೆ. ಅವನ್ನು ಬಳಸಿ ಗೊತ್ತಿರುವ ಹಿರಿಯರೂ ನಮ್ಮ ನಡುವೆ ಇದ್ದಾರೆ. ಇನ್ನು ಹತ್ತು ಹದಿನೈದು ವರ್ಷ ಕಳೆದರೆ ಪಾತ್ರೆಗಳು ಗುಜರಿಗೆ ಹೋಗುತ್ತವೆ, ಹೇಳುವವರೂ ಇರುವುದಿಲ್ಲ.

ಸುವರ್ಣ ಮಹೋತ್ಸವದ ನೆಪದಲ್ಲಿ ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡಿ. ತಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರುವ ಒಂದು ಹಳೆಯ ಅಳತೆಯನ್ನು ಒಂದು ದಿನದ ಮಟ್ಟಿಗೆ ಶಾಲೆಗೆ ತರಲಿ. ಪ್ರಯೋಗಾಲಯದಲ್ಲಿ ನೀರು ಹಾಕಿ ಅಳೆಯಲಿ. ಅದರ ಹೆಸರು, ಯಾವ ಮನೆಮಾತಿನಲ್ಲಿ ಏನೆನ್ನುತ್ತಾರೆ, ಅದರಲ್ಲಿ ಏನು ಅಳೆಯುತ್ತಿದ್ದರು, ಯಾರಿಗೆ ಕೊಡುತ್ತಿದ್ದರು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆಯಲಿ. ಕೊನೆಯ ಪ್ರಶ್ನೆಯನ್ನು ತಪ್ಪದೆ ಕೇಳಲಿ. ಮೂರು ತಾಲೂಕುಗಳ ಗಡಿಯಲ್ಲಿರುವ ನಮ್ಮ ಶಾಲೆಗಿಂತ ಇದಕ್ಕೆ ಒಳ್ಳೆಯ ಜಾಗ ಇಲ್ಲ. ಪುಸ್ತಕ ಗ್ರಂಥಾಲಯದಲ್ಲಿ ಉಳಿದರೆ ಮುಂದೆ ನಿಜವಾದ ಇತಿಹಾಸಕಾರರಿಗೆ ಉಪಯೋಗವಾದೀತು.

ನಾನು ಕಾರ್ಯಕ್ರಮಕ್ಕೆ ಬರುವಾಗ ನಮ್ಮ ಕುಡ್ತೆಯನ್ನು ತರುತ್ತೇನೆ. ಪುಸ್ತಕದ ಮೊದಲ ಸಾಲಿಗೆ ಅದಾಗಲಿ: 225 ಮಿಲಿಲೀಟರ್, ಹಿತ್ತಾಳೆ, ಹಾಲು. ಅದರ ಪಕ್ಕದಲ್ಲಿ ಇನ್ನೂ ಒಂದು ಅಂಕೆ ಬರೆಯಬೇಕಾಗುತ್ತದೆ. ಎರಡು ಕುಡ್ತೆಗೆ 40 ಮಿಲಿಲೀಟರ್ ಕೊಸರು.